ನಾನು ಮಾಡ್ಯೂಲು ಕಟ್ಟಿದ ಪ್ರಸಂಗ

ಕನ್ನಡ ಎಂ.ಎ. ಪಾಸು ಮಾಡಿ, ದಿನಕ್ಕೆ ನಾಲ್ಕು ಗಂಟೆಯ ಕಾಲ ಕರಿಹಲಗೆಯ ಮುಂದೆ ನಿಂತು ಗಮಕ ಸಮಾಸಕ್ಕೂ ಕ್ರಿಯಾ ಸಮಾಸಕ್ಕೂ ಇರುವ ಅಂತರವನ್ನು ಬೋಧಿಸುವ ಮನುಷ್ಯನಿಗೂ ಕಂಪ್ಯೂಟರಿನ ಕರ್ನೆಲ್ಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಪ್ರಶ್ನೆಯನ್ನು ನನ್ನ ಹೆಂಡತಿ ಅವರಿಗಿಂತ ಮೊದಲೇ ಕೇಳಿಯಾಗಿದೆ. ಅದೂ ರಾತ್ರಿ ಹನ್ನೊಂದು ಗಂಟೆಗೆ, ಎರಡು ಸಲ ಬಿಸಿ ಮಾಡಿದ ಸಾರು ಮೂರನೆಯ ಸಲ ಆರಿಹೋದ ಮೇಲೆ.

ಸಂಬಂಧ ಬೆಳೆದ ಬಗೆ ಹೀಗೆ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ದೊಡ್ಡ ಮನೆಯೊಂದರ ಹಿಂಭಾಗದ ಔಟ್‌ಹೌಸಿನಲ್ಲಿ ನಮ್ಮ ಸಂಸಾರ. ಗೋಡೆಗಳು ಹಳೆಯ ಕಾಲದವು. ಒಂದೊಂದೂ ಒಂದೂವರೆ ಅಡಿ ದಪ್ಪ. ಬೇಸಗೆಯಲ್ಲಿ ತಂಪೆಂಬುದು ನಿಜ. ಆದರೆ ಮೊಬೈಲ್ ಫೋನಿನ ಸಿಗ್ನಲ್ಲು ಅಡುಗೆಮನೆಯ ಕಿಟಕಿಯವರೆಗೆ ಬಂದು, ಒಳಕ್ಕೆ ಕಾಲಿಡಲು ಸಂಕೋಚಪಟ್ಟು, ಅಲ್ಲಿಯೇ ನಿಂತುಬಿಡುತ್ತದೆ. ಇಂಟರ್‌ನೆಟ್ಟು ಮಹಡಿಯ ಮೇಲೆ ಮನೆಯ ಯಜಮಾನರಲ್ಲಿದೆ. ತಿಂಗಳ ಬಿಲ್ಲಿನಲ್ಲಿ ಅರ್ಧ ನಮ್ಮದು. ಅಲ್ಲಿಂದ ನಮ್ಮ ಕೋಣೆಗೆ ಅದನ್ನು ಎಳೆದು ತರಲೆಂದು, ಮೊಲದ ಕಿವಿಗಳಂತೆ ಎರಡು ಉದ್ದನೆಯ ಆಂಟೆನಾಗಳಿರುವ ವೈಫೈ ಸಾಧನವೊಂದನ್ನು ಮೂರು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡಿದ್ದೆ. ಸೆಕೆಂಡ್ ಹ್ಯಾಂಡು. ಕಂಪ್ಯೂಟರೂ ಸೆಕೆಂಡ್ ಹ್ಯಾಂಡೇ. ಅಂಗಡಿಯ ಹುಡುಗ ಅದಕ್ಕೆ ಲಿನಕ್ಸ್ ಹಾಕಿ, ಮೊಲದ ಕಿವಿಗೂ ಅದೇನೋ ಮಂತ್ರ ಹಾಕಿ, ‘ಇನ್ನು ಯೋಚನೆಯಿಲ್ಲ’ ಎಂದು ಕೈಗಿತ್ತಿದ್ದ. ಮೂರು ವರ್ಷ ಯೋಚನೆಯೇ ಇರಲಿಲ್ಲ.

ಈ ಕಂಪ್ಯೂಟರಿನ ಮುಂದೆ ಕುಳಿತು ನಾನು ಪ್ರತಿ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕ್ಯಾಲಿಫೋರ್ನಿಯಾದಲ್ಲಿರುವ ಐದು ಮಂದಿ ಕನ್ನಡದ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಲ್ಲಿ ಆಗ ಶನಿವಾರದ ಸಂಜೆ. ಕಾಗುಣಿತ ತಿದ್ದಿಸುವುದು, ಸಣ್ಣ ಕತೆ ಓದಿಸುವುದು, ಅಜ್ಜಿಗೆ ಕಾಗದ ಬರೆಯಿಸುವುದು, ಇಷ್ಟೆ. ಆ ಮಕ್ಕಳ ತಂದೆತಾಯಿಗಳು ಕಳುಹಿಸುವ ಹಣ ನಮ್ಮ ಮನೆಬಾಡಿಗೆಗೆ ಸರಿಹೋಗುತ್ತದೆ. ಈ ಪ್ರಸಂಗ ನಡೆದ ತಿಂಗಳು ಕಾಲೇಜಿನ ಸಂಬಳ ಇನ್ನೂ ಬಂದಿರಲಿಲ್ಲವೆಂಬುದನ್ನೂ, ಹಿಂದಿನ ವಾರ ಪರೀಕ್ಷೆಯ ಕೆಲಸದಿಂದ ಪಾಠ ತಪ್ಪಿಸಿದ್ದೆನೆಂಬುದನ್ನೂ, ಆ ಮಕ್ಕಳ ತಾಯಿಯೊಬ್ಬರು ‘ನಿಮಗೆ ತೊಂದರೆಯಾಗುವುದಾದರೆ ಬೇರೆಯವರನ್ನು ನೋಡಲೇ?’ ಎಂದು ಬಹಳ ಸೌಜನ್ಯದಿಂದ ಕೇಳಿದ್ದರೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಶನಿವಾರ ಸಂಜೆ ಕಂಪ್ಯೂಟರು ತನ್ನನ್ನು ತಾನು ನವೀಕರಿಸಿಕೊಳ್ಳಲು ಅಪ್ಪಣೆ ಬೇಡಿತು. ಕೊಟ್ಟೆ. ಕೆಲಸ ಮುಗಿದ ಮೇಲೆ, ಡಿಸ್ಕಿನಲ್ಲಿ ಜಾಗ ಸಾಲದೆಂದು, ಹಳೆಯದೆಂದು ಕಂಡುದನ್ನೆಲ್ಲ ನಾನೇ ಕೈಯಾರೆ ಅಳಿಸಿದೆ. ಹಳೆಯ ವೃತ್ತಪತ್ರಿಕೆಗಳನ್ನು ರದ್ದಿಗೆ ಹಾಕಿದಾಗ ಆಗುವಂತಹ ಸಮಾಧಾನವೂ ಆಯಿತು. ಮತ್ತೆ ಹೊತ್ತಿಸಿದಾಗ ಎಲ್ಲವೂ ಇದ್ದಿತು, ಇಂಟರ್‌ನೆಟ್ಟೊಂದರ ಹೊರತು. ಮೊಲದ ಕಿವಿಗಳ ಬುಡದಲ್ಲಿ ಸದಾ ಮಿನುಗುತ್ತಿದ್ದ ನೀಲಿ ದೀಪ ಆರಿಹೋಗಿದ್ದಿತು.

ಯಾರನ್ನು ಕೇಳುವುದು? ನನ್ನ ಗೆಳೆಯರೆಲ್ಲರೂ ಪಂಪ, ರನ್ನರ ವಿಷಯದಲ್ಲಿ ಸಹಾಯ ಮಾಡಬಲ್ಲವರು. ಲಿನಕ್ಸಿನ ಒಳಗನ್ನು ಬಲ್ಲವನು ನನಗೆ ಗೊತ್ತಿದ್ದಂತೆ ಒಬ್ಬನೇ ಒಬ್ಬ: ನನ್ನ ಹಳೆಯ ವಿದ್ಯಾರ್ಥಿ. ಬಿ.ಸಿ.ಎ. ಓದಿದವನು, ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಇಂತಹ ಸಾಧನಗಳಿಗೆ ಬೇಕಾದ ಡ್ರೈವರುಗಳನ್ನು ಬರೆಯುವುದೇ ಅವನ ಉದ್ಯೋಗ. ಪ್ರತಿ ಯುಗಾದಿಗೂ ತಪ್ಪದೆ ಶುಭಾಶಯ ಕಳುಹಿಸುತ್ತಾನೆ. ಆದರೂ ಅವನಿಗೆ ಫೋನು ಮಾಡಲು ನನ್ನ ಕೈ ಏಳಲಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ನನಗೆ ಆಗ ಇಪ್ಪತ್ತೇಳು. ಕೆಲಸಕ್ಕೆ ಸೇರಿ ಎರಡು ವರ್ಷ. ಕನ್ನಡವನ್ನು ಕಾಪಾಡುವ ಹೊಣೆ ಹೆಚ್ಚುಕಡಿಮೆ ನನ್ನೊಬ್ಬನ ಮೇಲೆಯೇ ಇದೆಯೆಂಬ ಭಾವನೆಯಿದ್ದ ಕಾಲ. ಆ ಹುಡುಗ ಮಂಡ್ಯದ ಕಡೆಯ ಹಳ್ಳಿಯಿಂದ ಬರುತ್ತಿದ್ದ. ಅವನ ಉತ್ತರಪತ್ರಿಕೆಯಲ್ಲಿ ಹಕಾರವೆಂಬುದು ಊರು ಬಿಟ್ಟು ಹೋಗಿದ್ದಿತು. ಹಳ್ಳಿ ‘ಅಳ್ಳಿ’ಯಾಗಿತ್ತು, ಹಾಡು ‘ಆಡು’ ಆಗಿತ್ತು, ಕೊನೆಗೆ ಹೆಣ್ಣು ‘ಎಣ್ಣು’ ಆಗಿ ನಿಂತಿದ್ದಳು. ನಾನು ಅದನ್ನು ತರಗತಿಯ ಮುಂದೆ ಗಟ್ಟಿಯಾಗಿ, ಅಭಿನಯಪೂರ್ವಕವಾಗಿ ಓದಿದೆ. ಎಂಬತ್ತು ಮಂದಿ ನಕ್ಕರು. ಅವನು ನಗಲಿಲ್ಲ, ಅಳಲೂ ಇಲ್ಲ. ಒಂದು ವಾರ ತರಗತಿಗೆ ಬರಲಿಲ್ಲ, ಅಷ್ಟೆ. ಮರಳಿ ಬಂದವನು ಕೊನೆಯ ಬೆಂಚಿನಲ್ಲಿ ಕುಳಿತ. ಆಮೇಲೆ ಮೂರು ವರ್ಷ ನನ್ನ ಯಾವ ಪ್ರಶ್ನೆಗೂ ಬಾಯಿ ಬಿಟ್ಟು ಉತ್ತರ ಹೇಳಲಿಲ್ಲ. ಬರೆದುದರಲ್ಲಿ ಮಾತ್ರ ತಪ್ಪಿರಲಿಲ್ಲ.

“ಅವನನ್ನೇ ಕೇಳಿ. ಬಾಡಿಗೆ ಕಟ್ಟುವುದು ಪಂಪನಲ್ಲ” ಎಂದಳು ನನ್ನಾಕೆ. ಕೇಳಿದೆ.

“ಏಳಿ ಸಾರ್” ಎಂದ. ಹಕಾರವಿನ್ನೂ ಊರಿಗೆ ಮರಳಿರಲಿಲ್ಲ.

ಫೋನು ಕಿಟಕಿಯ ಬಳಿಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ. ಆದುದರಿಂದ ಏರ್ಪಾಡು ಹೀಗಾಯಿತು: ನನ್ನಾಕೆ ಕಿಟಕಿಯ ಬಳಿ ನಿಂತು ಅವನು ಹೇಳಿದುದನ್ನು ಕೇಳುವುದು, ಎಂಟು ವರ್ಷದ ಮಗಳು ಅದನ್ನು ಹೊತ್ತು ಓಡಿಬಂದು ನನಗೆ ಒಪ್ಪಿಸುವುದು, ಪರದೆಯ ಮೇಲೆ ಬಂದುದನ್ನು ನಾನು ಚೀಟಿಯಲ್ಲಿ ಬರೆದು ಹಿಂದಕ್ಕೆ ಕಳುಹಿಸುವುದು. ತೀರ ಗಹನವಾದುದಾದರೆ ನಾನೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಮೊದಲು ಅವನು ಕೇಳಿದ್ದು, ಹಳೆಯ ಕರ್ನೆಲ್ ಇದೆಯೇ ಎಂದು. ಇದ್ದರೆ ಆ ರಾತ್ರಿಯ ಮಟ್ಟಿಗೆ ಅದರಲ್ಲಿಯೇ ಕಂಪ್ಯೂಟರನ್ನು ಹೊತ್ತಿಸಬಹುದಾಗಿತ್ತಂತೆ. ಅದನ್ನು ನಾನು ರದ್ದಿಗೆ ಹಾಕಿದ್ದೆನಷ್ಟೆ. “ಓಗ್ಲಿ ಬುಡಿ ಸಾರ್, ಮಾಡ್ಯೂಲ್ನೇ ಒಸದಾಗಿ ಕಟ್ಟಾಣ” ಎಂದ. ಹೊಲಿಗೆಯಂಗಡಿಯವನು ಗುಂಡಿ ಹಾಕಿಕೊಡುತ್ತೇನೆ ಎಂದಷ್ಟೇ ಹಗುರವಾಗಿ.

ಕರ್ನೆಲ್ ಎಂದರೇನೆಂದು ಅಂದು ನಾನು ತಿಳಿದಷ್ಟನ್ನು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ನಾವು ಬಳಸುವ ಯಾವ ಪ್ರೋಗ್ರಾಮೂ ಯಂತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ಡಿಸ್ಕು ಬೇಕೆ, ಸ್ಮೃತಿಯಲ್ಲಿ ಜಾಗ ಬೇಕೆ, ಇಂಟರ್‌ನೆಟ್ಟು ಬೇಕೆ, ಎಲ್ಲಕ್ಕೂ ನಡುವೆ ನಿಂತಿರುವ ಕರ್ನೆಲ್ಲನ್ನು ಕೇಳಬೇಕು. ಅದು ಮನೆಯ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯವರಂತೆ. ಲಿನಕ್ಸ್ ಎಂಬ ಈ ಕರ್ನೆಲ್ಲನ್ನು 1991ರಲ್ಲಿ ಬರೆಯತೊಡಗಿದವನು ಲೀನಸ್ ಟೋರ್ವಾಲ್ಡ್ಸ್. ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗ. ಇಂದು ಅದರಲ್ಲಿ ಸುಮಾರು ನಾಲ್ಕು ಕೋಟಿ ಸಾಲುಗಳಿವೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ. ಇಷ್ಟನ್ನೂ ಏಕಕಾಲಕ್ಕೆ ಹೊತ್ತು ತಿರುಗಲು ಯಾವ ಕಂಪ್ಯೂಟರಿಗೂ ಅಗತ್ಯವಿಲ್ಲ. ಆದುದರಿಂದ ಕರ್ನೆಲ್ಲನ್ನು ಕಟ್ಟುವಾಗ ಒಂದೊಂದು ಭಾಗಕ್ಕೂ ಉತ್ತರ ಕೊಡಬೇಕಾಗುತ್ತದೆ: ವೈ ಎಂದರೆ ಒಳಗೇ ಕೂಡಿಸು, ಎನ್ ಎಂದರೆ ಬೇಡ, ಎಂ ಎಂದರೆ ಮಾಡ್ಯೂಲು. ಮಾಡ್ಯೂಲೆಂಬುದು ಮನೆಯಾಳಲ್ಲ, ಅತಿಥಿ. ಬೇಕಾದಾಗ ಒಳಕ್ಕೆ ಕರೆಯಬಹುದು, ಸಾಕಾದಾಗ ಕಳುಹಿಸಬಹುದು, ಕಂಪ್ಯೂಟರನ್ನು ಆರಿಸಬೇಕಾದುದಿಲ್ಲ.

ನನ್ನ ಮೊಲದ ಕಿವಿಗೆ ಬೇಕಾದ ಮಾಡ್ಯೂಲು ಅತಿಥಿಗಳಲ್ಲಿಯೂ ದೂರದವನು. ಲಿನಕ್ಸಿನವರ ನಾಲ್ಕು ಕೋಟಿ ಸಾಲಿನಲ್ಲಿ ಅದು ಸೇರಿರಲಿಲ್ಲ. ಸಾಧನ ತಯಾರಿಸಿದವರು ಯಾವ ಕಾಲದಲ್ಲೋ ಬರೆದು ಹೊರಗೆ ಬಿಟ್ಟಿದ್ದ ಮೂಲವನ್ನು ತಂದು, ನಮ್ಮ ಕಂಪ್ಯೂಟರಿನ ಕರ್ನೆಲ್ಲಿಗೆ ಒಪ್ಪುವಂತೆ ಇಲ್ಲಿಯೇ ಕಂಪೈಲ್ ಮಾಡಿಕೊಳ್ಳಬೇಕು. ಕರ್ನೆಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು. “ಮೂರು ವರ್ಷ ನಾನು ಕಟ್ಟಲೇ ಇಲ್ಲವಲ್ಲಪ್ಪ?” ಎಂದೆ. “ನೀವ್ ಕಟ್ಲಿಲ್ಲ ಸಾರ್, ಡಿಕೆಎಂಎಸ್ ಕಟ್ತಾ ಇತ್ತು” ಎಂದ. ಡಿಕೆಎಂಎಸ್ ಎಂದೊಡನೆ ಯಾವುದೋ ವಿದ್ಯಾಸಂಸ್ಥೆಯೆಂದುಕೊಂಡೆ. ಅಲ್ಲ. ಡೆಲ್ ಕಂಪನಿಯವರು 2003ರಲ್ಲಿ ಆರಂಭಿಸಿದ ಏರ್ಪಾಡು ಅದು. ಹೊಸ ಕರ್ನೆಲ್ ಬಂದಾಗಲೆಲ್ಲ ಹೊರಗಿನ ಮಾಡ್ಯೂಲುಗಳನ್ನು ತಾನಾಗಿಯೇ ಮತ್ತೆ ಕಟ್ಟಿ ಇಡುತ್ತದೆ. ಮೂರು ವರ್ಷ ಯಾರೂ ಕೇಳದೆ, ಯಾರೂ ಮೆಚ್ಚದೆ, ನಾನು ಕಾಫಿ ಕುಡಿಯುವ ಹೊತ್ತಿನಲ್ಲಿ ಅದು ಈ ಕೆಲಸ ಮಾಡಿಕೊಂಡು ಬಂದಿದ್ದಿತು. ಸೋತ ದಿನವೇ ಅದರ ಹೆಸರು ನನಗೆ ತಿಳಿದದ್ದು.

ಏಕೆ ಸೋತಿತು? ಸೋತವರು ಕಾರಣವನ್ನು ಬರೆದಿಡುವುದು ಲೋಕದಲ್ಲಿ ಅಪರೂಪ, ಡಿಕೆಎಂಎಸ್ ಬರೆದಿಟ್ಟಿದ್ದಿತು. ‘ಮೇಕ್.ಲಾಗ್’ ಎಂಬ ಆ ಕಡತವನ್ನು ತೆರೆದೆ. ಡ್ರೈವರಿನದೇ ಆದ ಒಂದು ಹೆಡರ್ ಕಡತ ಸಿಗಲಿಲ್ಲವೆಂದು ಕಂಪೈಲರು ದೂರುತ್ತಿದ್ದಿತು. ಕಡತವಾದರೋ ಪಕ್ಕದ ಫೋಲ್ಡರಿನಲ್ಲಿಯೇ ಇದ್ದಿತು! ಮನೆಯೊಳಗೆ ಕನ್ನಡಕ ಹುಡುಕುವವರ ಸ್ಥಿತಿ. ಹುಡುಗ ಒಂದು ಆಜ್ಞೆ ಹೇಳಿದ. ಅದು ಮಗಳ ಬಾಯಿಂದ ಬಂದುದು ಹೀಗೆ: “ಮೇಕ್, ಮೈನಸ್ ದೊಡ್ಡ ಸಿ, ಕರ್ನೆಲ್ ಬಿಲ್ಡ್ ದಾರಿ, ಎಂ ಇಸ್ ಈಕ್ವಲ್ ಟು ಡಾಲರ್ ಪಿಡಬ್ಲ್ಯುಡಿ, ವಿ ಇಸ್ ಈಕ್ವಲ್ ಟು ಒಂದು.”

ಪಿಡಬ್ಲ್ಯುಡಿ! ರಸ್ತೆ ಸೇತುವೆಗಳನ್ನು ಕಟ್ಟುವ ಇಲಾಖೆಗೂ ಇದಕ್ಕೂ ಏನು ನಂಟೆಂದು ತಿಳಿಯಲು ನಾನು ಅಡುಗೆಮನೆಗೆ ಹೋಗಬೇಕಾಯಿತು. “ಅದು ನೀವ್ ಈಗ ನಿಂತಿರೋ ಫೋಲ್ಡರ್ ವಿಳಾಸ ಸಾರ್” ಎಂದು ಅವನು ವಿವರಿಸಿದ. ಇಡೀ ಆಜ್ಞೆಯ ಅರ್ಥ ಬಿಡಿಸಿದಾಗ ನನಗೆ ಸಂತೋಷವೇ ಆಯಿತು. ಮೇಕ್ ಎಂಬ ಪ್ರೋಗ್ರಾಮು ಮೊದಲು ಕರ್ನೆಲ್ಲಿನ ಮನೆಗೆ ಹೋಗುತ್ತದೆ. ಅಲ್ಲಿನ ಕಟ್ಟುಪಾಡುಗಳನ್ನೆಲ್ಲ ಓದಿಕೊಳ್ಳುತ್ತದೆ. ಬಳಿಕ ‘ಎಂ’ ಎಂದು ಕೊಟ್ಟ ವಿಳಾಸಕ್ಕೆ ಹಿಂದಿರುಗಿ ಆ ಪದ್ಧತಿಯಂತೆಯೇ ನಮ್ಮ ಮಾಡ್ಯೂಲನ್ನು ಕಟ್ಟುತ್ತದೆ. ಹೊಸದಾಗಿ ಬೇರೆ ಸಂಸಾರ ಹೂಡಿದವರು ಗೌರಿಹಬ್ಬಕ್ಕೆ ಮುಂಚೆ ಹಿರಿಯರ ಮನೆಗೆ ಹೋಗಿ, ‘ನಮ್ಮಲ್ಲಿ ಬಾಗಿನಕ್ಕೆ ಏನೇನು ಇಡುವ ಪದ್ಧತಿ?’ ಎಂದು ಕೇಳಿಕೊಂಡು ಬಂದು ಮಾಡುವುದಿಲ್ಲವೆ, ಹಾಗೆ. ಇನ್ನು ‘ವಿ’ ಎಂಬುದು, ಮಾಡುವುದನ್ನು ಮುಚ್ಚಿಡದೆ ಬಾಯಿಬಿಟ್ಟು ಹೇಳು ಎಂಬ ಸೂಚನೆ.

ಬಾಯಿಬಿಟ್ಟಾಗ ನಿಜ ಹೊರಬಂದಿತು. ‘ಪಕ್ಕದ ಫೋಲ್ಡರಿನಲ್ಲಿಯೂ ಹುಡುಕು’ ಎಂದು ಡ್ರೈವರಿನವರು ಬರೆದಿದ್ದ ಮಾತು ಕಂಪೈಲರಿಗೆ ತಲುಪಿಯೇ ಇರಲಿಲ್ಲ. ಅವರು ಅದನ್ನು ‘ಎಕ್ಸ್‌ಟ್ರಾ ಸಿಫ್ಲ್ಯಾಗ್ಸ್’ ಎಂಬ ಹೆಸರಿನಡಿಯಲ್ಲಿ ಬರೆದಿದ್ದರು. ಈ ಹೆಸರು ಹಳೆಯದಾಯಿತು, ಇನ್ನು ಮೇಲೆ ‘ಸಿಸಿಫ್ಲ್ಯಾಗ್ಸ್-ವೈ’ ಎಂದು ಬರೆಯಿರಿ ಎಂದು ಕರ್ನೆಲ್ಲಿನವರು 2007ರಲ್ಲಿಯೇ ಗೊತ್ತುಮಾಡಿದ್ದರು. ಆದರೂ ಹದಿನೆಂಟು ವರ್ಷ ಹಳೆಯ ಹೆಸರನ್ನೂ ನಡೆಸಿಕೊಂಡು ಬಂದು, 2025ರಲ್ಲಿ 6.15ನೆಯ ಆವೃತ್ತಿಯಿಂದ ಕೈಬಿಟ್ಟರು. ನನ್ನ ಕಂಪ್ಯೂಟರು ಆ ಶನಿವಾರ 6.14ರಿಂದ 6.17ಕ್ಕೆ ಹಾರಿದ್ದಿತು. ನಡುವೆ ಬಿದ್ದ ಕಂದಕ ಅದು. ತಮಾಷೆಯೆಂದರೆ, ಹಳೆಯ ಹೆಸರನ್ನು ಕಂಡು ಮೇಕ್ ಜಗಳವಾಡಲಿಲ್ಲ. ‘ತಪ್ಪು’ ಎಂದೂ ಅನ್ನಲಿಲ್ಲ. ಯಾವುದೋ ಪರಿಚಯವಿಲ್ಲದ ಹೆಸರೆಂದು ಸುಮ್ಮನೆ ಮುಂದೆ ಹೋಯಿತು.

ನನಗೆ ಸಿಟ್ಟು ಬಂದಿತು. ನಡೆಯುತ್ತಿದ್ದುದನ್ನು ನಿಲ್ಲಿಸುವ ಅಧಿಕಾರ ಇವರಿಗೆ ಯಾರು ಕೊಟ್ಟರು ಎಂದು ಕಿಟಕಿಗೆ ಹೋಗಿ ಕೂಗಾಡಿದೆ. ಹುಡುಗ ಸಮಾಧಾನದಿಂದ ಉತ್ತರಿಸಿದ. ಕರ್ನೆಲ್ಲಿನ ಒಳಗಿನ ಹೆಸರುಗಳನ್ನೂ ರೂಢಿಗಳನ್ನೂ ಎಂದೆಂದಿಗೂ ಹೀಗೆಯೇ ಇಡುತ್ತೇವೆಂದು ಅವರು ಯಾರಿಗೂ ಮಾತು ಕೊಟ್ಟಿಲ್ಲವಂತೆ. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಎಂಬ ಹಿರಿಯರು ಇದನ್ನೇ ವಿಸ್ತಾರವಾಗಿ ಬರೆದಿದ್ದು, ಆ ಬರಹ ಕರ್ನೆಲ್ಲಿನ ಜೊತೆಯಲ್ಲಿಯೇ ಬರುತ್ತದಂತೆ. ಒಳಗಿನ ಯಾವುದಾದರೂ ಹೆಸರನ್ನು ಬದಲಿಸುವವನು, ನಾಲ್ಕು ಕೋಟಿ ಸಾಲಿನಲ್ಲಿ ಅದು ಬರುವ ಕಡೆಯಲ್ಲೆಲ್ಲ ತಾನೇ ತಿದ್ದಬೇಕು. ಆದರೆ ಹೊರಗಿರುವ ಡ್ರೈವರುಗಳಿಗೆ ಯಾರೂ ಹೇಳಿಕಳುಹಿಸುವುದಿಲ್ಲ. ಕೂಡುಕುಟುಂಬದಲ್ಲಿ ಇದ್ದವರಿಗೆ ನಡುಮನೆಯ ತೀರ್ಮಾನ ತಾನಾಗಿಯೇ ತಿಳಿಯುತ್ತದೆ. ಬೇರೆ ಹೋದ ತಮ್ಮನಿಗೆ ಹಬ್ಬದ ದಿನವೇ ಗೊತ್ತಾಗುವುದು. ನ್ಯಾಯವೋ ಅನ್ಯಾಯವೋ ನಾನು ಇಂದಿಗೂ ನಿರ್ಧರಿಸಿಲ್ಲ. ಹದಿನೆಂಟು ವರ್ಷದ ಗಡುವು ಸಣ್ಣದಲ್ಲವೆಂದು ಮಾತ್ರ ಒಪ್ಪುತ್ತೇನೆ. ನಾನಂತೂ ಅಂದು ಆ ಹುಡುಗನಿಗೆ ಹದಿನೆಂಟು ನಿಮಿಷವನ್ನೂ ಕೊಟ್ಟಿರಲಿಲ್ಲ.

ಸರಿ, ತಿದ್ದಲು ಕುಳಿತೆ. ಮೇಕ್‌ಫೈಲ್ ಎಂಬ ಕಡತದಲ್ಲಿ ಹಳೆಯ ಹೆಸರು ಬಂದ ಕಡೆಯಲ್ಲೆಲ್ಲ ಹೊಸ ಹೆಸರು ಹಾಕಬೇಕು. ಈ ಕೆಲಸ ನನಗೆ ಹೊಸದಲ್ಲ; ಕರಡಚ್ಚು ತಿದ್ದಿ ಅಭ್ಯಾಸವಿದೆ. ಐದು ನಿಮಿಷದಲ್ಲಿ ಮುಗಿಯಿತು. ಆದರೆ ಕರಡಚ್ಚು ತಿದ್ದುವವನ ಕಣ್ಣು ಅಷ್ಟಕ್ಕೇ ತೃಪ್ತಿಪಡುವುದಲ್ಲ. ಕೆಲವು ಸಾಲುಗಳು ಅಂಚು ಬಿಟ್ಟು ಬಹಳ ಒಳಕ್ಕೆ ಸರಿದಿದ್ದುವು. ನೋಡಲು ಅಂದವಾಗಿರಲಿಲ್ಲ. ಅವುಗಳ ಹಿಂದಿನ ಖಾಲಿಯನ್ನೆಲ್ಲ ಅಳಿಸಿ, ಎಲ್ಲಕ್ಕೂ ಸಮನಾಗಿ ನಾಲ್ಕು ನಾಲ್ಕು ಸ್ಪೇಸು ಕೊಟ್ಟು ಚೊಕ್ಕ ಮಾಡಿದೆ.

ಆಜ್ಞೆ ಕೊಟ್ಟೆ. “ಮಿಸ್ಸಿಂಗ್ ಸೆಪರೇಟರ್. ಸ್ಟಾಪ್” ಎಂದಿತು ಮೇಕ್.

ಯಾವ ಸೆಪರೇಟರು? ಎಲ್ಲಿ ಕಾಣೆ? ಅದು ಹೆಸರಿಸಿದ ಸಾಲನ್ನು ನಾಲ್ಕು ಸಲ ಓದಿದೆ. ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಚೀಟಿ ಅಡುಗೆಮನೆಗೆ ಹೋಯಿತು. ಮಗಳು ಓಡಿಬಂದು, “ಅಪ್ಪಾ, ಟ್ಯಾಪ್ ಹಾಕಿದೀರಾ ಅಂತೆ” ಎಂದಳು. ‘ಅದೇನು ಕೇಳುವುದು, ಅಮ್ಮನಿಗೆ ಹೇಳು, ಅಡುಗೆಮನೆಯ ನಲ್ಲಿ ಸೋರುತ್ತಿದ್ದರೆ ನಿಲ್ಲಿಸಲಿ’ ಎಂದೆ. ನಲ್ಲಿ ನಿಲ್ಲಿಸಲ್ಪಟ್ಟಿತು. ಮತ್ತೆ ಓಡಿಬಂದಳು: “ನಲ್ಲಿ ಅಲ್ಲವಂತೆ. ಟ್ಯಾಬ್ ಅಂತೆ.”

ನಾನೇ ಹೋದೆ. “ಸಾರ್, ಆ ಸಾಲಿನ್ ಮುಂದೆ ಟ್ಯಾಬ್ ಆಕಿದೀರಾ, ಸ್ಪೇಸ್ ಆಕಿದೀರಾ?”

“ಖಾಲಿ ಖಾಲಿಯೇ ಅಲ್ಲವೇನಪ್ಪ? ಎರಡಕ್ಕೂ ಏನು ವ್ಯತ್ಯಾಸ?”

ಅವನು ಒಂದು ಕ್ಷಣ ಸುಮ್ಮನಿದ್ದ. ನಗುತ್ತಾನೆಂದುಕೊಂಡೆ, ನಗಲಿಲ್ಲ. “ನಮಗೆ ಒಂದೇ ಸಾರ್. ಅದಕ್ಕೆ ಬೇರೆ ಬೇರೆ” ಎಂದು, ಬಹಳ ನಿಧಾನವಾಗಿ ಹೇಳತೊಡಗಿದ.

ಮೇಕ್ ಓದುವ ಕಡತವೆಂದರೆ ಅಡುಗೆಯ ಪುಸ್ತಕವಿದ್ದಂತೆ. ಮೊದಲ ಸಾಲಿನಲ್ಲಿ ಆಗಬೇಕಾದ ಪದಾರ್ಥ, ಅದರ ಮುಂದೆ ಬೇಕಾದ ಸಾಮಗ್ರಿ. ಕೆಳಗಿನ ಸಾಲುಗಳಲ್ಲಿ ಮಾಡುವ ಕ್ರಮ. ಸಾರಿಗೆ ಬೇಳೆ ಬೇಕು, ಪುಡಿ ಬೇಕು. ಪುಡಿಗೆ ಕೊತ್ತಂಬರಿ, ಮೆಣಸಿನಕಾಯಿ. ಕೊತ್ತಂಬರಿಯನ್ನು ಬದಲಿಸಿಲ್ಲವಾದರೆ ಪುಡಿಯನ್ನು ಮತ್ತೆ ಹುರಿಯುವುದಿಲ್ಲ. ಕಡತಗಳ ಗಂಟೆ ನಿಮಿಷಗಳನ್ನು ಹೋಲಿಸಿ ನೋಡಿ, ಬದಲಾದಷ್ಟನ್ನೇ ಮತ್ತೆ ಮಾಡುತ್ತದೆ. (ಕಿಟಕಿಯ ಬಳಿ ಕೇಳುತ್ತಿದ್ದ ನನ್ನಾಕೆ “ನಮ್ಮ ಅತ್ತೆಯವರೂ ಹಾಗೆಯೇ” ಎಂದಳು. ನನ್ನ ತಾಯಿಯ ವಿಷಯದಲ್ಲಿ ಅವಳಾಡಿದ ಮೆಚ್ಚುಗೆಯ ಮಾತುಗಳಲ್ಲಿ ಅದೊಂದು.) ಮಾಡುವ ಕ್ರಮದ ಸಾಲು ಯಾವುದೆಂದು ಮೇಕ್ ಗುರುತಿಸುವುದು ಸಾಲಿನ ಮೊದಲಿಗಿರುವ ಟ್ಯಾಬ್ ಎಂಬ ಒಂದೇ ಒಂದು ಗುಪ್ತಾಕ್ಷರದಿಂದ. ನಾನು ಅಂದಕ್ಕೆಂದು ಒರೆಸಿಹಾಕಿದ್ದು ಅದನ್ನು.

ಇಂತಹ ನಿಯಮ ಯಾರು ಮಾ‌ಡಿದರೆಂದು ಆಮೇಲೆ ಓದಿ ತಿಳಿದೆ. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಸ್ಟುವರ್ಟ್ ಫೆಲ್ಡ್‌ಮನ್ ಎಂಬವನ ಕೋಣೆಗೆ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಗೊಣಗಿಕೊಂಡು ಬಂದನಂತೆ. ಸರಿಯಾಗಿಯೇ ತಿದ್ದಿದ್ದ ಪ್ರೋಗ್ರಾಮಿನಲ್ಲಿ ಬೆಳಗಿನಿಂದ ತಪ್ಪು ಹುಡುಕಿದ್ದ. ತಪ್ಪೆಂದರೆ, ತಿದ್ದಿದ ಮೇಲೆ ಮತ್ತೆ ಕಂಪೈಲ್ ಮಾಡುವುದನ್ನೇ ಮರೆತಿದ್ದ. ಈ ಮರೆವಿಗೆ ಮದ್ದಾಗಿ ಫೆಲ್ಡ್‌ಮನ್ ವಾರಾಂತ್ಯದಲ್ಲಿ ಕುಳಿತು ಮೇಕ್ ಬರೆದ. ಟ್ಯಾಬಿನ ನಿಯಮ ಅವಸರಕ್ಕೆ ಹೊಳೆದದ್ದು. ಕೆಲವು ವಾರಗಳಲ್ಲಿ ಅದು ಅಷ್ಟು ಒಳ್ಳೆಯದಲ್ಲವೆಂದು ತೋರಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿ, ಹೆಚ್ಚಿನವರು ಗೆಳೆಯರೇ, ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಹಾಗೆಯೇ ಬಿಟ್ಟ. 2003ರಲ್ಲಿ ಮೇಕ್ ಬರೆದುದಕ್ಕಾಗಿ ಅವನಿಗೆ ಎಸಿಎಂ ಸಂಸ್ಥೆಯ ಪ್ರಶಸ್ತಿ ಬಂದಿತು. ಹನ್ನೆರಡು ಮಂದಿಯ ದಾಕ್ಷಿಣ್ಯವನ್ನು ಲೋಕವೆಲ್ಲ ಇನ್ನೂ ಅನುಭವಿಸುತ್ತಿದೆ.

ಹುಡುಗ ಆ ಖಾಲಿಯನ್ನು ಕಣ್ಣಿಗೆ ಕಾಣಿಸುವ ಉಪಾಯವೊಂದನ್ನು ಕೊಟ್ಟ: ‘ಕ್ಯಾಟ್ ಮೈನಸ್ ಎ’. ಹಾಗೆಂದು ಬರೆದರೆ ಟ್ಯಾಬ್ ಇರುವ ಕಡೆ ಟೋಪಿಯ ಚಿಹ್ನೆಯೂ ಇಂಗ್ಲಿಷಿನ ಐ ಅಕ್ಷರವೂ ಕಾಣಿಸುತ್ತವೆ. ನನ್ನ ಕಡತದಲ್ಲಿ ಒಂದು ಟೋಪಿಯೂ ಉಳಿದಿರಲಿಲ್ಲ. “ನಾಲ್ಕರ ಬದಲು ಎಂಟು ಸ್ಪೇಸ್ ಆಕಿದ್ರೆ, ‘ಟ್ಯಾಬ್ ಆಕೋಕ್ ಓಗಿ ತಪ್ಪಿದ್ರಾ?’ ಅಂತ ಅದೇ ಕೇಳ್ತಿತ್ತು ಸಾರ್” ಎಂದು ಸಮಾಧಾನ ಹೇಳಿದ. ಮೂವತ್ತೊಂದು ಸಾಲುಗಳಿಗೆ ಒಂದೊಂದಾಗಿ ಟೋಪಿ ತೊಡಿಸಿದೆ. ಅಷ್ಟು ಹೊತ್ತೂ ಅವನು ಫೋನು ಇಡಲಿಲ್ಲ. ಮಗಳು ಚಾಪೆಯ ಮೇಲೆ ನಿದ್ದೆಹೋಗಿದ್ದಳು.

ಮೇಕ್‌ಫೈಲ್ ಒಪ್ಪಿತು. ಈಗ ಮೂಲದೊಳಗಿನ ಒಂದೆರಡು ಹೆಸರುಗಳ ಸರದಿ. ‘ಡೆಲ್ ಟೈಮರ್ ಸಿಂಕ್’ ಎಂಬುದು ಹೊಸ ಕರ್ನೆಲ್ಲಿನಲ್ಲಿ ‘ಟೈಮರ್ ಡಿಲೀಟ್ ಸಿಂಕ್’ ಆಗಿದ್ದಿತು. ಇದನ್ನು ಕಂಡು ನಾನು ಆ ದಣಿವಿನಲ್ಲಿಯೂ ಹಿಗ್ಗಿದೆ. ನೋಡಿ: ಮೊದಲು ಕ್ರಿಯೆ, ಆಮೇಲೆ ಕರ್ಮವಿದ್ದುದನ್ನು ತಿರುಗಿಸಿ, ಕರ್ಮವನ್ನು ಮುಂದಕ್ಕೂ ಕ್ರಿಯೆಯನ್ನು ಅದರ ಹಿಂದಕ್ಕೂ ತಂದಿದ್ದಾರೆ. ಇಂಗ್ಲಿಷಿನ ಕ್ರಮ ಬಿಟ್ಟು ನಮ್ಮ ಕನ್ನಡದ ಕ್ರಮ! ಹುಡುಗನಿಗೆ ಹೇಳಿದೆ. “ಔದಲ್ವಾ ಸಾರ್!” ಎಂದು ಅವನೂ ನಕ್ಕ. ಅಂದು ನಾನು ಅವನಿಗೆ ಹೇಳಿಕೊಟ್ಟದ್ದು ಅದೊಂದೇ.

ಹನ್ನೊಂದೂಕಾಲಿಗೆ ಮಾಡ್ಯೂಲು ಸಿದ್ಧವಾಯಿತು. ಹೆಸರಿನ ಕೊನೆಯಲ್ಲಿ ‘.ಕೆಓ’ ಎಂದಿತ್ತು, ಕೂಡಿಸಿ ಓದಿದರೆ ‘ಕೋ’. ತೆಗೆದುಕೋ ಎಂಬಂತೆ. ತೆಗೆದುಕೊಂಡು ಒಳಕ್ಕೆ ತಳ್ಳಿದೆ. ಕರ್ನೆಲ್ ನಿರಾಕರಿಸಿತು.

ಅತಿಥಿಯನ್ನು ಒಳಕ್ಕೆ ಬಿಡುವ ಮೊದಲು ಕರ್ನೆಲ್ ಪ್ರವರ ಕೇಳುತ್ತದೆ. ನೀನು ಯಾವ ಆವೃತ್ತಿಗೆಂದು ಹುಟ್ಟಿದವನು, ಯಾವ ಲಕ್ಷಣಗಳಿರುವ ಕರ್ನೆಲ್ಲಿನವನು ಎಂಬುದನ್ನೆಲ್ಲ ಮಾಡ್ಯೂಲು ತನ್ನೊಳಗೆ ಬರೆದುಕೊಂಡೇ ಬಂದಿರಬೇಕು. ನನ್ನ ಮಾಡ್ಯೂಲಿನ ಪ್ರವರ ಸರಿಯಾಗಿದ್ದಿತು. ಇಲ್ಲದ್ದು ಮುದ್ರೆ. ನಂಬಿಕಸ್ತರು ಮೊಹರು ಒತ್ತಿದ ಮಾಡ್ಯೂಲಿನ ಹೊರತು ಬೇರೆಯದನ್ನು ಬಿಡಬಾರದೆಂಬ ‘ಸೆಕ್ಯೂರ್ ಬೂಟ್’ ಕಾವಲು ನಮ್ಮ ಕಂಪ್ಯೂಟರಿನಲ್ಲಿದ್ದಿತು. ಆ ಮೊಹರಿನ ಕೀಲಿಯನ್ನು ಅಂಗಡಿಯ ಹುಡುಗ ಮೂರು ವರ್ಷದ ಹಿಂದೆಯೇ ನೋಂದಾಯಿಸಿ ಡಿಕೆಎಂಎಸ್ ಕೈಯಲ್ಲಿ ಕೊಟ್ಟಿದ್ದನಂತೆ. ಕೈಯಿಂದ ಕಟ್ಟಿದ್ದಕ್ಕೆ ಮೊಹರಿಲ್ಲ. ಆದುದರಿಂದ ತಿದ್ದಿದ ಮೂಲವನ್ನು ಡಿಕೆಎಂಎಸ್‌ಗೇ ಒಪ್ಪಿಸಿದೆ. ಅದು ತನ್ನ ಹಳೆಯ ಕಸುಬಿನಂತೆ ಮತ್ತೊಮ್ಮೆ ಕಟ್ಟಿತು, ಮೊಹರು ಒತ್ತಿತು, ಇಡಬೇಕಾದ ಕಡೆ ಇಟ್ಟಿತು.

ನೀಲಿ ದೀಪ ಒಮ್ಮೆ ಮಿನುಗಿತು. ಆರಿತು. ಮತ್ತೆ ಮಿನುಗಿ, ನಿಂತಿತು.

ಕಿಟಕಿಗೆ ಹೋಗಿ ಫೋನು ಕೈಗೆ ತೆಗೆದುಕೊಂಡೆ. ಕೃತಜ್ಞತೆ ಹೇಳಿದೆ. ಹೇಳಿದ ಮೇಲೆಯೂ ಫೋನು ಇಡಲಾರದೆ, “ಆ ದಿನ ತರಗತಿಯಲ್ಲಿ ನಾನು ನಿನ್ನ ಪತ್ರಿಕೆ ಓದಿದ್ದು...” ಎಂದು ತೊದಲಿದೆ.

“ನೆನಪೈತೆ ಸಾರ್.”

ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

“ತಪ್ಪು ನನ್ನದು. ಹಾಗೆ ಓದಬಾರದಾಗಿತ್ತು” ಎಂದೆ.

“ಅವತ್ತಿಂದ ಬರೆಯೋದ್ ಸರಿ ಮಾಡ್ಕಂಡೆ ಸಾರ್. ಮಾತಾಡೋದು ಅಂಗೇ ಇರ್ಲಿ ಅಂತ ಬುಟ್ಬುಟ್ಟೆ. ಮನೇಲಿ ಅವ್ವನ್ ಜೊತೆ ಬೇರೆ ಥರ ಮಾತಾಡಕ್ ಆಗಲ್ಲ ನೋಡಿ.” ಸ್ವಲ್ಪ ತಡೆದು, ಸ್ವರವನ್ನು ಬದಲಿಸಿ ಹೇಳಿದ: “ಸಾರ್, ಮುಂದಿನ್ ತಿಂಗಳು ನನ್ ಮದುವೆ. ಲಗ್ನಪತ್ರಿಕೆ ಕಳಿಸ್ತೀನಿ. ಅಚ್ಚಿಗ್ ಓಗೋಕ್ ಮುಂಚೆ ಒಂದ್ ಸಾರಿ ನೋಡ್ಕೊಡ್ತೀರಾ? ಆದ್ರೆ ಸಾಲಿನ್ ಮುಂದೆ ಬುಟ್ಟಿರೋ ಜಾಗ ಮಾತ್ರ ಮುಟ್ಬೇಡಿ.”

ಬೆಳಗ್ಗೆ ಏಳಕ್ಕೆ ಸರಿಯಾಗಿ ಐದು ಮಕ್ಕಳೂ ಪರದೆಯ ಮೇಲೆ ಬಂದರು. ಪಾಠ ಮುಗಿಸಿ ನೋಡುವಾಗ ಲಗ್ನಪತ್ರಿಕೆಯೂ ಬಂದಿದ್ದಿತು. ಎರಡು ಸಲ ಓದಿದೆ. ಊರಿನ ಹೆಸರಿನ ಕೊನೆಯಲ್ಲಿ ಹಳ್ಳಿಗೆ ಹಕಾರ ಭದ್ರವಾಗಿ ನಿಂತಿದ್ದಿತು. ತಪ್ಪು ಒಂದೇ. ಕೊನೆಯ ಸಾಲಿನ ‘ಆಶೀರ್ವಾದ’ದಲ್ಲಿ, ‘ವಾ’ ಪಕ್ಕದಲ್ಲಿ ಕೂರಬೇಕಾದ ಅರ್ಕಾವೊತ್ತು ಒಂದಕ್ಷರ ಮುಂಚೆಯೇ ‘ಶೀ’ ಪಕ್ಕದಲ್ಲಿ ಕುಳಿತು ‘ಆರ್ಶೀವಾದ’ವಾಗಿದ್ದಿತು.

ಕಿಟಕಿಯ ಬಳಿಗೆ ಹೋಗಿ ಫೋನು ಮಾಡಿದೆ.

“ಒಂದ್ ಚಿಹ್ನೆ ಜಾಗ ಬದಲಾಗೈತೆ, ಅಷ್ಟೇ ತಾನೆ ಸಾರ್?” ಎಂದ.

“ಅಷ್ಟೇ” ಎಂದೆ.